‘ಕಿಲ್ಟ್ ಇದೆಯಾ?’ ಎಂದು ಮೊದಲೇ ಕೇಳಬೇಡಿ

ಪ್ರಶ್ನೆ: ನಾನು ಎಡಿನ್‌ಬರೋದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಸ್ಕಾಟ್ಲೆಂಡ್‌ನಲ್ಲಿ ಎಷ್ಟು ಜನರ ಹತ್ತಿರ ಕಿಲ್ಟ್ (ಸೊಂಟದಿಂದ ಮೊಣಕಾಲಿನ ತನಕ ಬರುವ, ನೆರಿಗೆ ಹಿಡಿದ ಅಲ್ಲಿನ ಉಡುಪು) ಇದೆ, ಅದನ್ನು ಎಷ್ಟು ಉಡುತ್ತಾರೆ ಅನ್ನುವುದು ನನ್ನ ಪ್ರಬಂಧದ ವಿಷಯ. ಮೊದಲು ‘ನಿಮ್ಮ ಬಳಿ ಕಿಲ್ಟ್ ಇದೆಯಾ?’ ಎಂದು ಕೇಳಿ, ಇಲ್ಲ ಅಂದವರಿಗೆ ಧನ್ಯವಾದ ಹೇಳಿ ಮುಗಿಸುತ್ತೇನೆ. ಇದೆ ಅಂದವರಿಗೆ ‘ಎಷ್ಟು ಸಲ ಉಡುತ್ತೀರಿ? ದಿನಾ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಅಪರೂಪಕ್ಕೆ, ಇಲ್ಲವೇ ಇಲ್ಲ’ ಎಂಬ ಪ್ರಶ್ನೆ. ಆಮೇಲೆ ‘ನಿಮ್ಮ ಸ್ಕಾಟಿಷ್ ಪರಂಪರೆಯ ಹೆಮ್ಮೆಗಾಗಿ ಸಾಂಪ್ರದಾಯಿಕ ಕಿಲ್ಟ್ ಉಡುತ್ತೀರಾ?’ ಕೊನೆಗೆ, ಒಳಗೆ ಏನಾದರೂ ಹಾಕುತ್ತೀರಾ ಅನ್ನುವುದನ್ನೂ ಕೇಳುವ ಆಸೆ ಇದೆ. ಲಿಂಕನ್ನು ಕಿಲ್ಟ್ ಪ್ರಿಯರ ಫೇಸ್‌ಬುಕ್ ಗುಂಪುಗಳಲ್ಲಿ ಹಾಕಿ, ಬೇಸಿಗೆಯಲ್ಲಿ ಹೈಲ್ಯಾಂಡ್ ಗೇಮ್ಸ್ (ಅಲ್ಲಿನ ಆಟೋಟ, ಸಂಗೀತ, ಕುಣಿತದ ಮೇಳ) ನಡೆಯುವ ಕಡೆಯೂ ನಿಂತು ಕೇಳುತ್ತೇನೆ. 2000 ಉತ್ತರ ಬಂದರೆ ಸಾಕಾಗುತ್ತದಾ?

ಉತ್ತರ: ಸಂಖ್ಯೆಯ ಮಾತು ಆಮೇಲೆ. ಮೊದಲು ನಿಮ್ಮ ಮೊದಲನೇ ಪ್ರಶ್ನೆಯನ್ನು ಅಲ್ಲಿಂದ ತೆಗೆಯಿರಿ. ಇಡೀ ಸಮೀಕ್ಷೆಯನ್ನು ಜಾಸ್ತಿ ಕೆಡಿಸುತ್ತಿರುವುದು ಅದೇ.

ಸ್ಕಾಟ್ಲೆಂಡ್‌ನಲ್ಲಿ ಕಿಲ್ಟ್ ಉಡಬೇಕಾದರೆ ಸ್ವಂತ ಕಿಲ್ಟ್ ಇರಲೇಬೇಕು ಅಂತೇನಿಲ್ಲ. ನೀವಿರುವ ಊರಲ್ಲೇ ಬಾಡಿಗೆ ಅಂಗಡಿಗಳಿವೆ, ನೋಡಿರುತ್ತೀರಿ. ಮದುವೆ ಅಂದರೆ ಮದುಮಗ, ಅವನ ಗೆಳೆಯರು, ಎರಡೂ ಕಡೆಯ ಅಪ್ಪಂದಿರು ಎಲ್ಲ ಒಂದೇ ಅಂಗಡಿಗೆ ಹೋಗಿ ಅಳತೆ ಕೊಟ್ಟು, ಕಿಲ್ಟ್, ಜಾಕೆಟ್, ಸೊಂಟದ ಮುಂದೆ ತೂಗುವ ಸ್ಪೋರನ್ ಚೀಲ, ಉದ್ದದ ಕಾಲುಚೀಲ, ಶೂ ಎಲ್ಲ ಸೇರಿದ ಸೆಟ್ಟನ್ನೇ ತಂದು, ಮದುವೆ ಮುಗಿದ ಮೇಲೆ ವಾಪಸ್ ಕೊಟ್ಟುಬಿಡುತ್ತಾರೆ. ಅಪ್ಪನದನ್ನೋ ಅಣ್ಣನದನ್ನೋ ಕೇಳಿ ಉಡುವವರೂ ಇದ್ದಾರೆ. ಬ್ಯಾಗ್‌ಪೈಪ್ ವಾದ್ಯದ ಪೈಪ್ ಬ್ಯಾಂಡಿನಲ್ಲಿ ನುಡಿಸುವವರಿಗೆ ಎಷ್ಟೋ ಕಡೆ ಬ್ಯಾಂಡೇ ಕಿಲ್ಟ್ ಕೊಡುತ್ತದೆ. ಈ ಜನರೆಲ್ಲ ನಿಮ್ಮ ಪ್ರಶ್ನೆಗೆ ‘ಇಲ್ಲ’ ಅನ್ನುತ್ತಾರೆ. ನೀವು ಧನ್ಯವಾದ ಹೇಳಿ ಕಳಿಸುತ್ತೀರಿ. ಕಳೆದ ಶನಿವಾರ ತಾನೇ ಕಿಲ್ಟ್ ಉಟ್ಟು ಕುಣಿದವನು ನಿಮ್ಮ ಲೆಕ್ಕದಲ್ಲಿ ಕಿಲ್ಟ್ ಉಡದವನಾಗುತ್ತಾನೆ.

ನಮ್ಮ ಕಡೆ ರೇಷ್ಮೆ ಪಂಚೆಯನ್ನು ಬಾಡಿಗೆಗೆ ತರುವ ರೂಢಿ ಇಲ್ಲ. ಇದ್ದವನು ಉಡುತ್ತಾನೆ, ಇಲ್ಲದವನು ಒಂದು ಕೊಂಡು ತರುತ್ತಾನೆ. ಆ ಅಂದಾಜೇ ನಿಮ್ಮ ಪ್ರಶ್ನೆಯೊಳಗೆ ಸೇರಿಕೊಂಡಿರಬಹುದು. ಕಿಲ್ಟಿನ ಲೆಕ್ಕ ಬೇರೆ. ಕೈಯಲ್ಲಿ ಹೊಲಿದ ಪೂರ್ತಿ ಅಳತೆಯ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಬೇಕು, ಅಂದರೆ 7 ಮೀಟರಿಗೂ ಜಾಸ್ತಿ. ಹಿಂಭಾಗದ ನೆರಿಗೆಗಳನ್ನು ಟಾರ್ಟನ್ನಿನ (ಬಣ್ಣಬಣ್ಣದ ಚೌಕಳಿ ವಿನ್ಯಾಸದ) ಗೆರೆಗಳು ಒಂದಕ್ಕೊಂದು ಕೂಡುವಂತೆ ಹಿಡಿದು ಹೊಲಿಯುವುದು ನುರಿತವರ ಕೆಲಸ. ಬೆಲೆ ನೂರಾರು ಪೌಂಡ್. ಅದರ ಮೇಲೆ ಜಾಕೆಟ್ಟು, ಸ್ಪೋರನ್ನು ಬೇರೆ. ಎರಡು ಮೂರು ವರ್ಷಕ್ಕೊಂದು ಮದುವೆಗೆ ಹೋಗುವವನು ಬಾಡಿಗೆಗೆ ತಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಕಡೆ, ಇದ್ದೂ ಉಡದವರು. ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಮನೆಯವರು ಹೊಲಿಸಿಕೊಟ್ಟದ್ದು, ತಾತ ಸೈನ್ಯದಲ್ಲಿದ್ದಾಗ ಉಟ್ಟದ್ದು, ಮದುವೆಗೆಂದು ಕೊಂಡದ್ದು. ಬೀರುವಿನಲ್ಲಿ ಇದೆ, ಆದರೆ ಸೊಂಟಕ್ಕೆ ಆಗುವುದಿಲ್ಲ. ಕಿಲ್ಟನ್ನು ಪ್ಯಾಂಟಿನ ಹಾಗೆ ಕೆಳಗೆ ಕಟ್ಟುವುದಿಲ್ಲ, ಹೊಕ್ಕುಳಿನ ಮಟ್ಟಕ್ಕೆ ಕಟ್ಟುತ್ತಾರೆ. ಪಕ್ಕದ ಚರ್ಮದ ಪಟ್ಟಿಗಳನ್ನು ಸ್ವಲ್ಪ ಸಡಿಲಿಸಬಹುದು, ಅಷ್ಟೇ. ಹೊಟ್ಟೆ ಬಂದರೆ ಮುಗಿಯಿತು. ಹಾಗಾಗಿ ‘ಇದೆಯಾ’ ಅನ್ನುವುದರ ಜೊತೆ ‘ಇವತ್ತು ಉಟ್ಟರೆ ಬಕಲ್ ಹಾಕಲು ಆಗುತ್ತದಾ?’ ಎಂದೂ ಕೇಳಿ. ಒಂದು ಸಾಲಿನ ಪ್ರಶ್ನೆ, ಆದರೆ ಇರುವವರು ಯಾಕೆ ಉಡುತ್ತಿಲ್ಲ ಅನ್ನುವುದಕ್ಕೆ ಮುಕ್ಕಾಲು ಉತ್ತರ ಅದರಲ್ಲೇ ಸಿಗಬಹುದು.

ಇರುವುದು ಬೇರೆ, ಉಡುವುದು ಬೇರೆ. ಎರಡನ್ನೂ ಎಲ್ಲರಿಗೂ ಕೇಳಿ. ಒಂದು ಇನ್ನೊಂದಕ್ಕೆ ಬಾಗಿಲಾಗಬಾರದು. ನಾನಾದರೆ ಉಡುವುದರಿಂದ ಶುರು ಮಾಡುತ್ತೇನೆ: ‘16 ವರ್ಷ ತುಂಬಿದ ಮೇಲೆ ಯಾವತ್ತಾದರೂ ಕಿಲ್ಟ್ ಉಟ್ಟಿದ್ದೀರಾ?’ ಹೌದು ಅಂದರೆ, ‘ಕೊನೆಯ ಸಲ ಯಾವಾಗ, ತಿಂಗಳು ಮತ್ತು ವರ್ಷ?’ ಆಮೇಲೆ ಆ ಒಂದು ದಿನದ ಬಗ್ಗೆಯೇ ನಾಲ್ಕೈದು ಪ್ರಶ್ನೆ. ಏನು ಸಂದರ್ಭ? ಆ ಕಿಲ್ಟ್ ಯಾರದು: ಸ್ವಂತದ್ದಾ, ಮನೆಯವರದ್ದಾ, ಬಾಡಿಗೆಯದ್ದಾ, ಬ್ಯಾಂಡಿನದ್ದಾ? ಜೊತೆಗೆ ಏನೇನು ಹಾಕಿದ್ದಿರಿ? ಅಲ್ಲಿದ್ದ ಬೇರೆ ಗಂಡಸರಲ್ಲಿ ಜಾಸ್ತಿ ಜನ ಕಿಲ್ಟ್ ಉಟ್ಟಿದ್ದರಾ?

ಯಾಕೆ ಕೊನೆಯ ಸಲ? ‘ಸಾಮಾನ್ಯವಾಗಿ ಎಷ್ಟು ಸಲ’ ಅಂದರೆ ಜನ ಲೆಕ್ಕ ಹಾಕುವುದಿಲ್ಲ, ತಾವು ಎಂಥವರು ಎಂದು ಹೇಳುತ್ತಾರೆ. ಕಿಲ್ಟಿನ ಮೇಲೆ ಅಭಿಮಾನ ಇರುವವನು ‘ಆಗಾಗ’ ಅನ್ನುತ್ತಾನೆ, ಉಟ್ಟು ನಾಲ್ಕು ವರ್ಷ ಆಗಿದ್ದರೂ. ಸುಳ್ಳಲ್ಲ ಅದು, ಮನಸ್ಸಿನಲ್ಲಿ ತನ್ನ ಬಗ್ಗೆ ಇರುವ ಚಿತ್ರ. ಆದರೆ ನಿಮಗೆ ಬೇಕಾದದ್ದು ಅಭ್ಯಾಸ. ಒಂದು ನಿಜವಾದ ದಿನವನ್ನು ನೆನಪಿಸಿಕೊಂಡಾಗ ಮದುವೆ, ಊರು, ಮಳೆ, ಬಾಡಿಗೆ ಅಂಗಡಿ ಎಲ್ಲ ನೆನಪಿಗೆ ಬರುತ್ತದೆ, ಉತ್ತರಕ್ಕೆ ಒಂದು ಹಿಡಿತ ಸಿಗುತ್ತದೆ.

ನೀವು ಕೊಟ್ಟ ಆಯ್ಕೆಗಳ ಪಟ್ಟಿಯೂ ಉತ್ತರವನ್ನು ತಿರುಗಿಸುತ್ತದೆ. ಇದನ್ನು ತೋರಿಸಿದ ಒಂದು ಹಳೆಯ ಪ್ರಯೋಗ ಇದೆ. ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೊತೆಗಾರರು ಜರ್ಮನಿಯಲ್ಲಿ ಮಾಡಿ 1985ರಲ್ಲಿ ಪ್ರಕಟಿಸಿದ್ದು. ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಎಂದು ಕೇಳಿದರು. ಅರ್ಧ ಗಂಟೆಯಿಂದ ಶುರುವಾಗಿ ಎರಡೂವರೆ ಗಂಟೆಗಿಂತ ಜಾಸ್ತಿ ಎಂಬಲ್ಲಿಗೆ ಮುಗಿಯುವ ಪಟ್ಟಿ ಸಿಕ್ಕವರಲ್ಲಿ ಎರಡೂವರೆ ಗಂಟೆಗಿಂತ ಜಾಸ್ತಿ ನೋಡುತ್ತೇವೆ ಅಂದವರು ಶೇ. 16ರಷ್ಟು. ‘ಎರಡೂವರೆ ಗಂಟೆಯವರೆಗೆ’ ಎಂಬಲ್ಲಿಂದಲೇ ಶುರುವಾಗುವ ಪಟ್ಟಿ ಸಿಕ್ಕವರಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ನೋಡುತ್ತೇವೆ ಅಂದವರು ಶೇ. 37ಕ್ಕೂ ಮೇಲೆ. ಅದೇ ಪ್ರಶ್ನೆ, ಪಟ್ಟಿ ಮಾತ್ರ ಬೇರೆ. ಪಟ್ಟಿಯ ನಡುವಿನದು ಎಲ್ಲರೂ ಮಾಡುವಂಥದ್ದು ಎಂದು ಜನ ಅಂದುಕೊಂಡು ತಮ್ಮನ್ನು ಅದರ ಹತ್ತಿರ ಎಲ್ಲೋ ಇಟ್ಟುಕೊಳ್ಳುತ್ತಾರೆ.

ನಿಮ್ಮ ಪಟ್ಟಿಯಲ್ಲಿ ನಡುವೆ ಇರುವುದು ‘ತಿಂಗಳಿಗೊಮ್ಮೆ’. ಸ್ಕಾಟ್ಲೆಂಡ್‌ನ ಮಾಮೂಲಿ ಮನುಷ್ಯನಿಗೆ ಅದು ತೀರಾ ಜಾಸ್ತಿ. ಮದುವೆ, ಕವಿ ರಾಬರ್ಟ್ ಬರ್ನ್ಸ್ ನೆನಪಿನ ಜನವರಿ 25ರ ಬರ್ನ್ಸ್ ಸಪ್ಪರ್ ಊಟ, ಪದವಿ ಪ್ರದಾನ, ಡಿಸೆಂಬರ್ 31ರ ಹಾಗ್ಮನೇ ಎಂಬ ವರ್ಷದ ಕೊನೆಯ ಹಬ್ಬ, ನವೆಂಬರ್ 30ರ ಸೇಂಟ್ ಆಂಡ್ರ್ಯೂಸ್ ದಿನ, ಮರೆಫೀಲ್ಡ್‌ನಲ್ಲಿ ರಗ್ಬಿ, ಹ್ಯಾಂಪ್ಡನ್‌ನಲ್ಲಿ ಫುಟ್‌ಬಾಲ್: ಹೀಗೆ ಸಂದರ್ಭಕ್ಕೆ ಉಡುವ ಬಟ್ಟೆ ಅದು. ಇದರಲ್ಲಿ ಒಂದೋ ಎರಡೋ ಸಂದರ್ಭ ಒಬ್ಬನ ಪಾಲಿಗೆ ಬಂದರೆ ದೊಡ್ಡದು. ಹಾಗಾಗಿ ಪಟ್ಟಿಯನ್ನೇ ಬಿಟ್ಟು ಖಾಲಿ ಚೌಕ ಕೊಡಿ. ‘ಕಳೆದ 12 ತಿಂಗಳಲ್ಲಿ ಎಷ್ಟು ದಿನ ಕಿಲ್ಟ್ ಉಟ್ಟಿರಿ? ಸಂಖ್ಯೆ ಬರೆಯಿರಿ. ಉಟ್ಟಿಲ್ಲದಿದ್ದರೆ 0.’

12 ತಿಂಗಳ ಗಡಿಯಲ್ಲೂ ಒಂದು ತೊಡಕಿದೆ. ಹದಿನೈದು ತಿಂಗಳ ಹಿಂದಿನ ಮದುವೆಯನ್ನು ಜನ ಈ ವರ್ಷದೊಳಕ್ಕೆ ಎಳೆದುಕೊಂಡು ಬರುತ್ತಾರೆ. ಅಮೆರಿಕದಲ್ಲಿ ಮನೆ ರಿಪೇರಿ ಖರ್ಚಿನ ಮೇಲೆ ನೆಟರ್ ಮತ್ತು ವಾಕ್ಸ್‌ಬರ್ಗ್ 1964ರಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಮದುವೆಯಂಥ ದೊಡ್ಡ ದಿನ ಕಣ್ಣಿಗೆ ಕಟ್ಟಿದ ಹಾಗೆ ನೆನಪಿರುತ್ತದೆ, ಅದಕ್ಕೇ ನಿನ್ನೆ ಮೊನ್ನೆಯದು ಅನ್ನಿಸುತ್ತದೆ. ಗಡಿಗೆ ಗುರುತು ಕೊಡಿ, ‘ಹೋದ ವರ್ಷದ ಹಾಗ್ಮನೇಯಿಂದ ಈಚೆಗೆ’ ಎಂಬಂತೆ. ತಿಂಗಳು, ವರ್ಷ ಬೇರೆ ಕೇಳಿರುತ್ತೀರಲ್ಲ, ಎರಡನ್ನೂ ಹೊಂದಿಸಿ ನೋಡಬಹುದು.

ಈಗ ದಿನಗಳ ಸಂಖ್ಯೆ ಬಂದ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಜಾಸ್ತಿ ಜನ 0, 1, 2 ಎಂದು ಬರೆದಿರುತ್ತಾರೆ. ಯಾರೋ ಒಬ್ಬರು 150 ಎಂದು ಬರೆದಿರುತ್ತಾರೆ. ಅದು ತಪ್ಪು ಎಂದು ಅಳಿಸಬೇಡಿ. ಮದುವೆಗಳಲ್ಲಿ ಬ್ಯಾಗ್‌ಪೈಪ್ ನುಡಿಸುವವರು, ಪ್ರವಾಸಿ ಗೈಡ್‌ಗಳು, ಕಿಲ್ಟ್ ಅಂಗಡಿಯ ನೌಕರರು, ಕೆಲವು ಹೋಟೆಲ್‌ಗಳ ಬಾಗಿಲಲ್ಲಿ ನಿಲ್ಲುವವರು, ಇವರಿಗೆಲ್ಲ ಕಿಲ್ಟ್ ಕೆಲಸದ ಬಟ್ಟೆ. ಪೈಪ್ ಬ್ಯಾಂಡಿನವರಿಗೆ ಸಮವಸ್ತ್ರ. ಇವರನ್ನು ಉಳಿದವರ ಜೊತೆ ಕಲಸಿ ಸರಾಸರಿ ತೆಗೆದರೆ ಯಾರ ಬದುಕಿಗೂ ಹೊಂದದ ಒಂದು ಅಂಕಿ ಸಿಗುತ್ತದೆ. ‘ಆ ದಿನಗಳಲ್ಲಿ ಎಷ್ಟು ದಿನ ಕೆಲಸಕ್ಕೋ ಬ್ಯಾಂಡಿಗೋ ಉಟ್ಟಿದ್ದು?’ ಎಂದು ಇನ್ನೊಂದು ಚೌಕ ಕೊಡಿ. ವರದಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ತೋರಿಸಿ. ಸರಾಸರಿಯ ಬದಲು, ಒಂದು ಸಲವೂ ಉಡದವರು ಎಷ್ಟು, ಒಂದೆರಡು ಸಲ ಉಟ್ಟವರು ಎಷ್ಟು, ಅದಕ್ಕಿಂತ ಜಾಸ್ತಿ ಎಷ್ಟು ಎಂದು ಹೇಳಿದರೆ ಓದುವವರಿಗೆ ಚಿತ್ರ ಸಿಗುತ್ತದೆ. ಉತ್ತರ ಬಂದ ಮೇಲೆ ಗುಂಪು ಮಾಡುವುದು ಸುಲಭ, ಮೊದಲೇ ಗುಂಪು ಮಾಡಿ ಕೇಳಿದ್ದನ್ನು ಬಿಡಿಸಲು ಆಗುವುದಿಲ್ಲ.

ಮೂರನೇ ಪ್ರಶ್ನೆ, ಆ ಪರಂಪರೆಯ ಹೆಮ್ಮೆಯದು. ಅದರಲ್ಲಿ ಮೂರು ಪ್ರಶ್ನೆ ಒಟ್ಟಿಗೆ ಸೇರಿವೆ: ಪರಂಪರೆ ಇದೆಯಾ, ಹೆಮ್ಮೆ ಇದೆಯಾ, ಅದಕ್ಕೇ ಉಡುತ್ತೀರಾ. ‘ಹೌದು’ ಅಂದವನು ಯಾವುದಕ್ಕೆ ಹೌದು ಅಂದ? ಗೊತ್ತಾಗುವುದಿಲ್ಲ. ‘ಇಲ್ಲ’ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ ಅನ್ನುವುದು ಇನ್ನೂ ದೊಡ್ಡ ಸಮಸ್ಯೆ. ಅದಕ್ಕಿಂತ, ಆ ಕೊನೆಯ ದಿನದ ಬಗ್ಗೆ ‘ಅವತ್ತು ಕಿಲ್ಟ್ ಉಡೋಣ ಎಂದು ಹೇಗೆ ತೀರ್ಮಾನವಾಯಿತು?’ ಎಂದು ಕೇಳಿ ನೋಡಿ. ಮದುಮಗ ಹೇಳಿದ್ದಕ್ಕೆ ಅನ್ನುವವರು ಸಿಗುತ್ತಾರೆ. ಎಲ್ಲರೂ ಉಡುತ್ತಿದ್ದರು ಅಂತ, ಚೆನ್ನಾಗಿ ಕಾಣುತ್ತದೆ ಅಂತ, ಅಪ್ಪನ ನೆನಪಿಗೆ ಅಂತ ಹೇಳುವವರೂ ಸಿಗುತ್ತಾರೆ. ಹೆಮ್ಮೆ ಇದ್ದರೆ ಅದು ತಾನಾಗಿಯೇ ಬರುತ್ತದೆ.

ಉಡುವವರೆಲ್ಲ ಹುಟ್ಟಾ ಸ್ಕಾಟಿಷರು ಎಂದೂ ಅಂದುಕೊಳ್ಳಬೇಡಿ. ಅಲ್ಲಿನ ಸಿಖ್ಖರಿಗೆ, ಯಹೂದಿಗಳಿಗೆ ತಮ್ಮದೇ ಟಾರ್ಟನ್‌ಗಳಿವೆ. ನಿಮ್ಮ ತರಗತಿಯ ಭಾರತದ ಹುಡುಗರಲ್ಲೇ ಯಾರಾದರೂ ಪದವಿ ಪ್ರದಾನಕ್ಕೆ ಬಾಡಿಗೆ ಕಿಲ್ಟ್ ಉಡಬಹುದು. ಅವರೂ ನಿಮ್ಮ ಸಮೀಕ್ಷೆಯ ಜನವೇ ಅಲ್ವಾ? ಹೆಂಗಸರನ್ನೂ ಹೊರಗಿಡಬೇಡಿ. ಪೈಪ್ ಬ್ಯಾಂಡಿನಲ್ಲಿ, ಹೈಲ್ಯಾಂಡ್ ಕುಣಿತದಲ್ಲಿ ಹೆಂಗಸರು ಕಿಲ್ಟ್ ಉಡುತ್ತಾರೆ.

‘ಸಾಂಪ್ರದಾಯಿಕ’ ಅನ್ನುವುದನ್ನು ತೆಗೆದುಬಿಡಿ. ಯಾವ ಕಾಲದ ಸಂಪ್ರದಾಯ? ಮೊದಲಿದ್ದದ್ದು ಮೈಗೆ ಸುತ್ತಿ ಸೊಂಟಕ್ಕೆ ಬೆಲ್ಟ್ ಬಿಗಿಯುವ ಒಂದೇ ದೊಡ್ಡ ಬಟ್ಟೆ. ಸೊಂಟದಿಂದ ಕೆಳಗಿನ ಚಿಕ್ಕ ಕಿಲ್ಟ್ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾದ ಜಾಕೊಬೈಟ್ ದಂಗೆ ಸೋತ ಮೇಲೆ 1746ರ ಕಾಯ್ದೆ ಸೈನಿಕರನ್ನು ಬಿಟ್ಟು ಉಳಿದ ಗಂಡಸರು ಹೈಲ್ಯಾಂಡ್ ಉಡುಪು ಹಾಕುವುದನ್ನೇ ನಿಷೇಧಿಸಿತು. ಅದನ್ನು ತೆಗೆದದ್ದು 1782ರಲ್ಲಿ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ನಡೆಸಿದ ಸಂಭ್ರಮದಲ್ಲಿ ಟಾರ್ಟನ್ ಇಡೀ ದೇಶದ ಗುರುತಾಗಿ ಮೆರೆಯಿತು. ಇಷ್ಟೆಲ್ಲ ಇತಿಹಾಸ ಇರುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಂಪ್ರದಾಯಿಕ. ಹೀಗಾಗಿ ಏನನ್ನು ಕಿಲ್ಟ್ ಎಂದು ಎಣಿಸುತ್ತೀರಿ ಅನ್ನುವುದನ್ನು ನೀವೇ ಚಿತ್ರದ ಮೂಲಕ ತೋರಿಸಿ. 8 ಗಜದ ಉಣ್ಣೆಯ ಕಿಲ್ಟ್, ಕಡಿಮೆ ಬಟ್ಟೆಯ ಹಗುರ ಕಿಲ್ಟ್, ಪಾಲಿ ವಿಸ್ಕೋಸ್‌ನ ಅಗ್ಗದ ಕಿಲ್ಟ್, ಜೇಬುಗಳಿರುವ ದಪ್ಪ ಹತ್ತಿ ಬಟ್ಟೆಯ ಯುಟಿಲಿಟಿ ಕಿಲ್ಟ್. ನಾಲ್ಕು ಫೋಟೋ ಸಾಕು. ಪ್ರತಿಯೊಂದಕ್ಕೂ ‘ಇದೆ, ಇಲ್ಲ’ ಎಂದು ಬೇರೆ ಬೇರೆ ಉತ್ತರ ಪಡೆಯಿರಿ. ಇರುವುದಕ್ಕೆಲ್ಲ ಟಿಕ್ ಹಾಕಿ ಅಂದರೆ ಜನ ಮೊದಲೆರಡಕ್ಕೆ ಹಾಕಿ ಮುಂದೆ ಹೋಗಿಬಿಡುತ್ತಾರೆ.

ಟಾರ್ಟನ್ ಬಗ್ಗೆ ಕೇಳುವಾಗ ‘ನಿಮ್ಮ ಕುಲದ ಟಾರ್ಟನ್ ಯಾವುದು’ ಎಂದು ಶುರು ಮಾಡಬೇಡಿ. ಟಾರ್ಟನ್‌ಗಳ ಅಧಿಕೃತ ನೋಂದಣಿ 2008ರ ಕಾಯ್ದೆಯಿಂದ ಬಂದು 2009ರಲ್ಲಿ ಶುರುವಾಯಿತು. ಅದರಲ್ಲಿ ಕುಲಗಳದ್ದಲ್ಲದೆ ಜಿಲ್ಲೆಗಳದ್ದು, ಕಂಪನಿಗಳದ್ದು, ಕ್ರೀಡಾ ತಂಡಗಳದ್ದು ಸಾವಿರಾರು ಇವೆ. ಬಾಡಿಗೆ ಅಂಗಡಿಗಳೂ ತಮ್ಮದೇ ವಿನ್ಯಾಸ ಇಟ್ಟಿರುತ್ತವೆ. ‘ಗೊತ್ತಿಲ್ಲ’ ಮತ್ತು ‘ಬಣ್ಣ ಇಷ್ಟವಾಯಿತು’ ಎಂಬ ಎರಡು ಆಯ್ಕೆ ಖಂಡಿತ ಇರಲಿ.

ಈಗ ಯಾರನ್ನು ಕೇಳುವುದು. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಿಲ್ಟ್ ಪ್ರಿಯರ ಗುಂಪಿನಲ್ಲಿ ಹಾಕಿದ ಲಿಂಕಿನಿಂದ ‘ಸ್ಕಾಟ್ಲೆಂಡ್‌ನಲ್ಲಿ ಇಷ್ಟು ಜನರ ಬಳಿ ಕಿಲ್ಟ್ ಇದೆ’ ಎಂದು ಬರೆಯಲು ಬರುವುದಿಲ್ಲ, 2000 ಅಲ್ಲ, 20,000 ಉತ್ತರ ಬಂದರೂ. ಆ ಗುಂಪುಗಳಲ್ಲಿ ಇರುವವರು ಕಿಲ್ಟ್ ಇಷ್ಟಪಡುವವರು. ಎಷ್ಟೋ ಜನ ಅಮೆರಿಕ, ಕೆನಡಾದಲ್ಲಿ ಕೂತಿರುತ್ತಾರೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರ ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸಗಳು ಫೋನ್ ಡೈರೆಕ್ಟರಿಯಿಂದ, ಕಾರು ಇದ್ದವರ ಪಟ್ಟಿಯಿಂದ ತೆಗೆದವು, ಜೊತೆಗೆ ವಾಪಸ್ ಕಳಿಸುವಷ್ಟು ಉಮೇದು ಇದ್ದವರದ್ದೇ ಮಾತು ಲೆಕ್ಕಕ್ಕೆ ಬಂತು. ಸಂಖ್ಯೆ ಇದನ್ನು ಸರಿಮಾಡುವುದಿಲ್ಲ.

ಹೈಲ್ಯಾಂಡ್ ಗೇಮ್ಸ್‌ನದು ಇನ್ನೊಂದು ಥರದ ತೊಂದರೆ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಊರೂರಲ್ಲಿ ನಡೆಯುತ್ತವೆ, ಬ್ರೆಮಾರ್‌ನದು ಸೆಪ್ಟೆಂಬರ್ ಮೊದಲ ಶನಿವಾರ. ವರ್ಷಕ್ಕೆ ಎಂಟು ಕಡೆ ಹೋಗುವವನು ನಿಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಒಂದೇ ಕಡೆ ಹೋಗುವವನಿಗಿಂತ ಸುಮಾರು ಎಂಟು ಪಟ್ಟು. ಅವನೇ ಕಿಲ್ಟ್ ಉಡುವ ಜನ. ಅಲ್ಲಿ ಕೇಳಲೇಬೇಕು ಅಂದರೆ ‘ಈ ವರ್ಷ ಎಷ್ಟು ಗೇಮ್ಸ್‌ಗೆ ಹೋಗಿದ್ದೀರಿ, ಹೋಗುತ್ತೀರಿ?’ ಎಂದು ಕೇಳಿ, ಎಂಟು ಅಂದವನ ಉತ್ತರಕ್ಕೆ ಎಂಟನೇ ಒಂದು ತೂಕ ಕೊಡಿ. ಆಗಲೂ ಅದು ಗೇಮ್ಸ್‌ಗೆ ಬರುವವರ ಚಿತ್ರ ಅಷ್ಟೇ, ಸ್ಕಾಟ್ಲೆಂಡ್‌ನದಲ್ಲ.

ಇಡೀ ದೇಶ ಬೇಕು ಅಂದರೆ ಸರಿಯಾದ ದಾರಿ ವಿಳಾಸಗಳ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಮನೆ ಆರಿಸುವುದು. ಸ್ಕಾಟಿಷ್ ಹೌಸ್‌ಹೋಲ್ಡ್ ಸರ್ವೇ ಅಂಚೆ ವಿಳಾಸಗಳ ಪಟ್ಟಿಯಿಂದ ಹೀಗೇ ಆರಿಸುತ್ತದೆ. ವಿದ್ಯಾರ್ಥಿಯ ಜೇಬಿಗೆ ಅದು ಆಗದ ಮಾತು. ನನ್ನ ಸಲಹೆ, ದೇಶವನ್ನು ಬಿಡಿ, ಎಡಿನ್‌ಬರೋದ ಒಂದು ವಾರ್ಡ್ ಹಿಡಿಯಿರಿ. ಅಲ್ಲಿನ ವಿಳಾಸಗಳಲ್ಲಿ ಪ್ರತಿ ಇಷ್ಟನೆಯದು ಎಂದು ಲೆಕ್ಕ ಹಿಡಿದು ಆರಿಸಿ, ಪತ್ರ ಹಾಕಿ, ಅದರಲ್ಲಿ ಲಿಂಕ್ ಮತ್ತು ಕ್ಯೂಆರ್ ಕೋಡ್ ಕೊಡಿ. ‘ಈ ಮನೆಯಲ್ಲಿ 16 ದಾಟಿದವರಲ್ಲಿ ಯಾರ ಹುಟ್ಟುಹಬ್ಬ ತೀರಾ ಈಚೆಗೆ ಆಯಿತೋ ಅವರು ಉತ್ತರಿಸಲಿ’ ಎಂದು ಬರೆಯಿರಿ. ಇಲ್ಲದಿದ್ದರೆ ಮನೆಯಲ್ಲಿ ಕಿಲ್ಟ್ ಇರುವವನ ಕೈಗೇ ಪತ್ರ ಹೋಗುತ್ತದೆ. ಲಕೋಟೆಯ ಮೇಲೆ ಕಿಲ್ಟಿನ ಚಿತ್ರ, ಟಾರ್ಟನ್ ಅಂಚು ಏನೂ ಬೇಡ. ವಿಷಯ ‘ವಿಶೇಷ ಸಂದರ್ಭಗಳಲ್ಲಿ ನಾವು ಉಡುವ ಬಟ್ಟೆ’ ಎಂದಿರಲಿ. ಕಿಲ್ಟ್ ಎಂದು ಕಂಡರೆ ಇಲ್ಲದವರು ‘ಇದು ನಮಗಲ್ಲ’ ಎಂದು ಎಸೆಯುತ್ತಾರೆ. ಅವರ ಉತ್ತರ ಇಲ್ಲದೆ ಶೇಕಡಾ ಲೆಕ್ಕಕ್ಕೆ ಅರ್ಥವೇ ಇಲ್ಲ. ಎರಡು ವಾರ ಬಿಟ್ಟು ನೆನಪಿನ ಪತ್ರ ಹಾಕಿ. ತಡವಾಗಿ ಉತ್ತರಿಸಿದವರು ಬೇಗ ಉತ್ತರಿಸಿದವರಿಗಿಂತ ಬೇರೆ ಇದ್ದಾರಾ ಎಂದು ಹೋಲಿಸಿ ನೋಡಿ.

ಹೀಗೆ ಆರಿಸಿದ 400 ಜನರ ಉತ್ತರ ಸಿಕ್ಕರೆ ನಿಮ್ಮ ಶೇಕಡಾ ಅಂಕಿ ಸಾಮಾನ್ಯವಾಗಿ ನಿಜವಾದ ಅಂಕಿಯ ಆಚೆ ಈಚೆ 5ರೊಳಗೆ ಇರುತ್ತದೆ, 1000 ಸಿಕ್ಕರೆ 3ರೊಳಗೆ. ಆದರೆ 400ರಲ್ಲಿ ಕಿಲ್ಟ್ ಉಟ್ಟವರು 100 ಮಾತ್ರ ಇದ್ದರೆ, ಅವರ ಬಗ್ಗೆ ಹೇಳುವ ಮಾತಿಗೆ ಆಚೆ ಈಚೆ 10ರಷ್ಟು ಜಾಗ ಬಿಡಬೇಕು. ಬಾಡಿಗೆ ಎಷ್ಟು, ಸ್ವಂತ ಎಷ್ಟು ಅನ್ನುವುದನ್ನು ವಯಸ್ಸಿನ ಪ್ರಕಾರ ಒಡೆಯುವ ಆಸೆ ಇದ್ದರೆ ಜಾಸ್ತಿ ಪತ್ರ ಹಾಕಬೇಕಾಗುತ್ತದೆ.

ಫೇಸ್‌ಬುಕ್ ಗುಂಪಿನವರನ್ನು ಪೂರ್ತಿ ಬಿಡಿ ಎಂದಲ್ಲ. ಕಿಲ್ಟನ್ನು ಹೇಗೆ ಇಟ್ಟುಕೊಳ್ಳುತ್ತಾರೆ, ಯಾರಿಂದ ಹೊಲಿಸುತ್ತಾರೆ, ಮಾಮೂಲಿ ದಿನದಲ್ಲಿ ಉಟ್ಟು ಆಫೀಸಿಗೆ ಹೋದರೆ ಏನಾಗುತ್ತದೆ ಎಂದು ಮನಬಿಚ್ಚಿ ಹೇಳುವವರು ಅವರೇ. ಅವರ ಜೊತೆ ಮಾತಾಡಿ, ಬರೆದುಕೊಳ್ಳಿ. ಪ್ರಬಂಧದಲ್ಲಿ ಅದಕ್ಕೆ ಬೇರೆ ಅಧ್ಯಾಯ ಕೊಡಿ, ಶೇಕಡಾ ಹಾಕಬೇಡಿ.

ಒಳಗೆ ಏನು ಹಾಕುತ್ತೀರಿ ಎಂಬ ಪ್ರಶ್ನೆಗೆ ಬರೋಣ. ಇದನ್ನು ಎಲ್ಲರೂ ಕೇಳಿ ಕೇಳಿ ಕಿಲ್ಟ್ ಉಡುವವರಿಗೆ ಸಾಕಾಗಿದೆ. ಅಪರಿಚಿತರು ಕೇಳುವುದು, ಕುಡಿದವರು ಕಿಲ್ಟ್ ಎತ್ತಲು ಬರುವುದು ನಿಜವಾಗಿಯೂ ನಡೆಯುತ್ತದೆ, ಅದು ಕಿರುಕುಳ. ಆ ಅನುಭವ ಆಗಿದೆಯಾ ಎಂದು ಕೇಳುವುದು ನನ್ನ ಪ್ರಕಾರ ಜಾಸ್ತಿ ಬೆಲೆಯ ಪ್ರಶ್ನೆ. ಅದರಿಂದಲೇ ಉಡುವುದನ್ನು ಬಿಟ್ಟವರೂ ಇರಬಹುದು. ಆದರೂ ಒಳ ಉಡುಪಿನದು ಬೇಕೇ ಬೇಕು ಅಂದರೆ ನೇರವಾಗಿ ಕೇಳಬೇಡಿ, ‘ಕಿಲ್ಟಿನ ಒಳಗೆ ಏನೂ ಹಾಕುವುದಿಲ್ಲ’ ಎಂಬ ಹೆಸರಿಗೆ ತಕ್ಕ ಉತ್ತರವನ್ನೇ ಜನ ಕೊಡುತ್ತಾರೆ. ಸ್ಟಾನ್ಲಿ ವಾರ್ನರ್ 1965ರಲ್ಲಿ ಮುಜುಗರದ ಪ್ರಶ್ನೆಗಳಿಗೆ ಒಂದು ಉಪಾಯ ಹೇಳಿದರು. ಅದರ ಸರಳ ರೂಪ ಹೀಗೆ: ಉತ್ತರಿಸುವವರು ನಾಣ್ಯ ಚಿಮ್ಮಲಿ, ಏನು ಬಿತ್ತೆಂದು ನಿಮಗೆ ಹೇಳಬೇಕಿಲ್ಲ. ಹೆಡ್ ಬಿದ್ದರೆ ಸುಮ್ನೆ ‘ಹೌದು’ ಅನ್ನಲಿ. ಟೇಲ್ ಬಿದ್ದರೆ ‘ಕೊನೆಯ ಸಲ ಒಳಗೆ ಏನೂ ಹಾಕಿರಲಿಲ್ಲವಾ?’ ಎಂಬುದಕ್ಕೆ ನಿಜ ಹೇಳಲಿ. ಕಿಲ್ಟ್ ಉಟ್ಟ 400 ಜನರಲ್ಲಿ 260 ಜನ ಹೌದು ಅಂದರು ಅನ್ನಿ. ಹೆಡ್ಡಿನದೇ ಸುಮಾರು 200. ಉಳಿದ 200ರಲ್ಲಿ 60, ಅಂದರೆ ಶೇ. 30. ಯಾರು ಎಂದು ನಿಮಗೂ ಗೊತ್ತಾಗುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಆದರೆ ಅಂದಾಜು ಜಾಸ್ತಿ ಅಲುಗಾಡುತ್ತದೆ, ದೊಡ್ಡ ಸ್ಯಾಂಪಲ್ ಇಲ್ಲದಿದ್ದರೆ ಕೆಲಸಕ್ಕೆ ಬಾರದು. ಕಿಲ್ಟ್ ಉಟ್ಟವರು 100 ಜನ ಸಿಗುವ ಕಡೆ ನಾನಂತೂ ಇದನ್ನು ಇಡುವುದಿಲ್ಲ. ವಿಶ್ವವಿದ್ಯಾಲಯದ ನೈತಿಕ ಸಮಿತಿಯೂ ಯಾಕೆ ಬೇಕು ಎಂದು ಕೇಳುತ್ತದೆ.

ಯಾವ ತಿಂಗಳು ಕೇಳಿದಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ. ಫೆಬ್ರವರಿಯಲ್ಲಿ ಕೇಳಿದರೆ ಹಾಗ್ಮನೇ, ಬರ್ನ್ಸ್ ಸಪ್ಪರ್ ನೆನಪಲ್ಲಿ ಹಸಿಯಾಗಿರುತ್ತದೆ. ಸೆಪ್ಟೆಂಬರಿನಲ್ಲಿ ಕೇಳಿದರೆ ಮದುವೆಗಳು. ಸಾಧ್ಯವಿದ್ದರೆ ಅರ್ಧ ಪತ್ರ ಫೆಬ್ರವರಿಯಲ್ಲಿ, ಅರ್ಧ ಸೆಪ್ಟೆಂಬರಿನಲ್ಲಿ ಹಾಕಿ.

ಇದಕ್ಕೆಲ್ಲ ಮುಂಚೆ ಎಂಟು ಹತ್ತು ಜನರನ್ನು ಎದುರು ಕೂರಿಸಿಕೊಂಡು ಪ್ರಶ್ನೆಗಳನ್ನು ಓದಿಸಿ, ಉತ್ತರ ಯೋಚಿಸುವಾಗ ಜೋರಾಗಿ ಹೇಳಿಕೊಳ್ಳಲು ಹೇಳಿ. ಸ್ವಂತ ಕಿಲ್ಟ್ ಇರುವವರು ಇಬ್ಬರು ಮೂವರು ಸಾಕು. ಬಾಡಿಗೆಗೆ ತಂದು ಉಟ್ಟವರು, ಬ್ಯಾಂಡಿನವರು, ಯಾವತ್ತೂ ಉಡದವರು, ಬೇರೆ ದೇಶದಿಂದ ಬಂದು ನೆಲೆಸಿದವರು ಇರಲಿ. ‘ನಿಮ್ಮದು’ ಎಂದಾಗ ಅಪ್ಪನ ಮನೆಯ ಬೀರುವಿನಲ್ಲಿರುವುದನ್ನು ಸೇರಿಸುತ್ತಾರಾ? ‘ಉಟ್ಟಿದ್ದೀರಾ’ ಎಂದಾಗ ಅಂಗಡಿಯಲ್ಲಿ ಅಳತೆಗೆ ಉಟ್ಟು ನೋಡಿದ್ದನ್ನೂ ಎಣಿಸುತ್ತಾರಾ? ಎಲ್ಲಿ ತಡವರಿಸುತ್ತಾರೋ ಅಲ್ಲಿ ಪ್ರಶ್ನೆ ತಿದ್ದಿ, ಮತ್ತೆ ಇಬ್ಬರಿಗೆ ಓದಿಸಿ. ಪತ್ರ ಅಚ್ಚಿಗೆ ಕೊಡುವುದು ಅದಾದ ಮೇಲೆ.